ತಾಟು ತೊಳೆದು ಕುಡಿದಿದ್ದಕ್ಕೆ ಲೀಡ್ಸಿನಲ್ಲಿ ಅತ್ತವರು

ಬಳ್ಳಾರಿ, ಮಾಳಿಗೆಯ ಮೇಲೆ

ಅಕ್ಕಿ ಸಂಡಿಗೆ ಇಡುತ್ತಿದ್ದೆ. ಬಳ್ಳಾರಿಯ ಬಿಸಿಲಿನಿಂದ ಆಗುವ ಉಪಕಾರ ಅದೊಂದೇ, ಬೆಳಿಗ್ಗೆ ಇಟ್ಟ ಸಂಡಿಗೆ ಸಂಜೆಗೆ ಗಲಗಲ ಅನ್ನುತ್ತದೆ. ಅಷ್ಟಾದರೂ ಮಾಡುತ್ತದಲ್ಲ ಅಂತ ನಾನು ಬಿಸಿಲನ್ನು ಬೈಯುವುದಿಲ್ಲ. ಹಳೆಯ ಸೀರೆ ಹಾಸಿ ಅರ್ಧ ತುಂಬಿಸಿದ್ದೆ, ಎರಡೂ ಕೈ ಹಿಟ್ಟಾಗಿತ್ತು. ಆಗ ನಮ್ಮ ಯಜಮಾನರು ಫೋನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಬ್ರೂಸ್‌ಪೇಟೆಯಲ್ಲಿ ಅವರದು ಬೀಜದ ಅಂಗಡಿ. ಅಲ್ಲಿ ದಿನವಿಡೀ ರೈತರ ಜೊತೆ ಮಾತಾಡಿ ಮುಗಿಸಿರುತ್ತಾರೆ, ಮನೆಗೆ ಬರುವಾಗ ಬಾಯಲ್ಲಿ ಏನೂ ಉಳಿದಿರುವುದಿಲ್ಲ.

"ನಿನ್ನ ತಂಗಿ. ಲಂಡನ್ನಿಂದ."

"ಲಂಡನ್ ಅಲ್ಲರೀ, ಲೀಡ್ಸ್."

"ಎಲ್ಲಾ ಒಂದ."

ಫೋನನ್ನು ನನ್ನ ಕಿವಿಗೆ ಹಿಡಿದು ನಿಂತರು. ತಂಗಿ ನೀಲಮ್ಮ ನರ್ಸ್ ಕೆಲಸಕ್ಕೆ ಹೋಗಿ ಅಲ್ಲೇ ಬೇರು ಬಿಟ್ಟವಳು. ಅವಳ ಒಬ್ಬಳೇ ಮಗಳು ಅಕ್ಷತಾ ಅಲ್ಲಿನ ಕಾಲೇಜಿನಲ್ಲಿ ಸಿನಿಮಾ ಮಾಡುವುದನ್ನು ಓದುತ್ತಾಳೆ. ಹಿಂದಿನ ಚಳಿಗಾಲದಲ್ಲಿ ಕ್ಯಾಮೆರಾ ತಂದು ಬಳ್ಳಾರಿ, ಸಿರುಗುಪ್ಪ, ನಮ್ಮ ತವರು ಕುರುಗೋಡು, ಎಲ್ಲಾ ಕಡೆ ನನ್ನ ಹಿಂದೆ ತಿರುಗಿದ್ದಳು.

"ಅಕ್ಕಾ, ಅಕ್ಕೂನ ಚಿತ್ರ ಆರಿಸಿ ಬಂದೈತಿ! ಬಣ್ಣ, ಜನಾಂಗ ಅಂತ ತಾರತಮ್ಯ ಮಾಡ್ತಾರಲ್ಲ, ಅದರ ವಿರುದ್ಧ ಸಣ್ಣ ಸಣ್ಣ ಚಿತ್ರಗಳ ಹಬ್ಬ. ಚಿತ್ರದಾಗ ಇದ್ದೋರೂ ಬರಬೇಕಂತ. ಟಿಕೆಟು ಅವರದ."

"ನಾ ಯಾಕವ್ವ? ನಾ ಏನು ಮಾಡೀನಿ ಅದರಾಗ?"

"ಊಟ ಮಾಡೀದಿ."

ಉಂಡಿದ್ದಕ್ಕೆ ವಿಮಾನದಲ್ಲಿ ಕರೆಸುವ ಜನ ಇದ್ದಾರೆ ಎಂದರೆ ನಂಬುವುದು ಹೇಗೆ? ಯಜಮಾನರ ಮುಖ ನೋಡಿದೆ. "ಹೋಗಿ ಬಾ," ಅಂದರು. ಅವರು ಒಂದೇ ಸಲಕ್ಕೆ ಎರಡು ಮಾತು ಖರ್ಚು ಮಾಡಿದ್ದನ್ನು ಕುರುಗೋಡು ಬಸವಣ್ಣನ ಅಪ್ಪಣೆ ಅಂತಲೇ ತಿಳಿದು ಒಪ್ಪಿಕೊಂಡೆ.

ನಡುವೆ ವಿಮಾನ ಬದಲಿಸಿದ ಊರು

ವಿಮಾನದ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ನಮ್ಮ ಕಡೆ ಕರೂರು ಅನ್ನುವ ಹಳ್ಳಿಯಿಂದ ಸಿರುಗುಪ್ಪಕ್ಕೆ ಬರುವ ಬಸ್ಸಿನಲ್ಲಿ ಪಕ್ಕದವರು ಮೂರು ತಲೆಮಾರಿನ ಸುದ್ದಿ ಕೇಳುತ್ತಾರೆ. ಇಲ್ಲಿ ಪಕ್ಕದವನು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹೆಣದ ಹಾಗೆ ಮಲಗಿದ. ಅವನ ಕಾಲು ದಾಟಿ ಬಚ್ಚಲಿಗೆ ಹೋಗಿಬರುವುದೇ ದೊಡ್ಡ ಯಾತ್ರೆಯಾಯಿತು.

ವಿಮಾನ ಬದಲಿಸುವಲ್ಲಿ ತಪಾಸಣೆ ಇತ್ತು. ನನ್ನ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಮೈಮೇಲಿಂದ ಲಿಂಗ ತೆಗೆದು ದೂರ ಇಡುವ ಮನೆತನ ನಮ್ಮದಲ್ಲ. ತೆಗೆದು ಬುಟ್ಟಿಯಲ್ಲಿ ಹಾಕಿ ಅಂತ ಸನ್ನೆ ಮಾಡಿದರು. ನಾನು ಎರಡೂ ಕೈಯಿಂದ ಹಿಡಿದುಕೊಂಡು ನಿಂತೆ. ಹಿಂದೆ ಸಾಲಿನಲ್ಲಿ ನಮ್ಮ ಕಡೆಯವರೇ ಒಬ್ಬರು, ಟೈ ಕಟ್ಟಿದ್ದರು.

"ತೆಗ್ದು ಕೊಡ್ರೀ ಅಮ್ಮ, ಏನಾಗಲ್ಲ. ನಮ್ಮ ಮಾನ ಯಾಕೆ ತೆಗೀತೀರಿ?"

ಅವರ ಮಾನ ನನ್ನ ಕೊರಳಲ್ಲಿದೆ ಅಂತ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

ತಪಾಸಣೆಗೆ ನಿಂತಿದ್ದ ಹೆಂಗಸು ಆಫ್ರಿಕದವಳು, ನನಗಿಂತ ಒಂದು ಮೊಳ ಎತ್ತರ. ನನ್ನ ಮುಖ ನೋಡಿದಳು, ಕರಡಿಗೆ ನೋಡಿದಳು, ಪಕ್ಕದ ಪರದೆಯ ಕೋಣೆಗೆ ಕರೆದೊಯ್ದಳು. ಅಂಗೈ ಚಾಚಿ ತೋರಿಸಿದಳು, ಹೀಗೆ ಹಿಡಿ ಅಂತ. ನಾನು ಲಿಂಗವನ್ನು ಅಂಗೈಯಲ್ಲೇ ಇಟ್ಟುಕೊಂಡು ಹಿಡಿದೆ. ಅವಳು ಮುಟ್ಟದೆ, ಕರಡಿಗೆಗೆ ಮಾತ್ರ ಒಂದು ಬಟ್ಟೆ ಚೂರು ಸವರಿ ಯಂತ್ರಕ್ಕೆ ಹಾಕಿ, ಆಯಿತು ಹೋಗು ಅಂದಳು. ಹೋಗುವಾಗ ತನ್ನ ಅಂಗಿಯೊಳಗಿನಿಂದ ಒಂದು ಸಣ್ಣ ಶಿಲುಬೆ ತೆಗೆದು ತೋರಿಸಿ ನಕ್ಕಳು. ಇಡೀ ದಾರಿಯಲ್ಲಿ ನನಗೆ ಸಿಕ್ಕ ದೊಡ್ಡ ಕೃಪೆ ಅದು. ಟೈ ಕಟ್ಟಿದವರು ಅಷ್ಟರಲ್ಲಿ ಬೆಲ್ಟ್ ಬಿಚ್ಚಿ, ಪ್ಯಾಂಟು ಹಿಡಿದುಕೊಂಡು ಯಂತ್ರದ ಮುಂದೆ ನಿಂತಿದ್ದರು. ನೋಡಿ ಸಂತೋಷಪಟ್ಟೆ. ಶಿವ ಕ್ಷಮಿಸಲಿ.

ಲೀಡ್ಸ್, ತಂಗಿಯ ಮನೆ

ಈ ಊರಿನವರು ತಪ್ಪು ಮಾಡದೆಯೇ ಕ್ಷಮೆ ಕೇಳುತ್ತಾರೆ. ನಾನೇ ಒಬ್ಬನ ಕಾಲು ತುಳಿದೆ, ಅವನೇ ಸಾರಿ ಅಂದ. ಕಸಕ್ಕೆ ನಾಲ್ಕು ಬಣ್ಣದ ಡಬ್ಬಿ ಇಟ್ಟಿದ್ದಾರೆ, ಯಾವ ಕಸ ಯಾವ ಬಣ್ಣಕ್ಕೆ ಅಂತ ಬಾಯಿಪಾಠ ಹೇಳುತ್ತಾರೆ. ಆದರೆ ಗೋಡೆಯ ಆಚೆ ಮನೆಯವಳ ಹೆಸರು ನೀಲಮ್ಮನಿಗೆ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಹೆಸರಷ್ಟೇ ಅಲ್ಲ, ಆಚೆ ಮನೆಯವರ ಸಾರಿಗೆ ಇವತ್ತು ಉಪ್ಪು ಹೆಚ್ಚಾಗಿದೆ ಅಂತಲೂ ಗೊತ್ತಿರುತ್ತದೆ. ಎರಡೂ ಕಷ್ಟವೇ.

ಮೊದಲ ದಿನ ಊಟ ಮುಗಿಸಿ, ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು ಕುಡಿದೆ. ಎಂದಿನಂತೆ. ಲಿಂಗಕ್ಕೆ ತೋರಿಸಿ ಉಂಡ ಮೇಲೆ ಅದು ಅನ್ನವಲ್ಲ, ಪ್ರಸಾದ. ಅಗುಳು ಬಿಡುವಂತಿಲ್ಲ, ತಾಟಿಗೆ ಅಂಟಿದ ಸಾರನ್ನೂ ಬಿಡುವಂತಿಲ್ಲ. ನಮ್ಮ ತಾಯಿ ಮಾಡುತ್ತಿದ್ದಳು, ಅವಳ ತಾಯಿ ಮಾಡುತ್ತಿದ್ದಳು. ಗಿರಣಿ ಇದ್ದ ಸಾಹುಕಾರ ಮನೆಗಳಲ್ಲೂ ಮಾಡುತ್ತಿದ್ದರು, ಇಲ್ಲದ ಮನೆಗಳಲ್ಲೂ ಮಾಡುತ್ತಿದ್ದರು.

ನೀಲಮ್ಮ ಕಿಟಕಿಯ ಪರದೆ ಎಳೆದಳು.

"ಅಕ್ಕಾ, ಶುಕ್ರವಾರ ಅಲ್ಲಿ ಎಲ್ಲಾರ ಮುಂದ ಹಂಗ ಕುಡಿಯಬ್ಯಾಡ."

"ಯಾಕ? ಇಲ್ಲಿ ನೀರು ಕುಡಿಯೋದಿಲ್ಲೇನು?"

"ಚಂದ ಕಾಣಂಗಿಲ್ಲ."

"ನಿನಗ ಕಾಣಂಗಿಲ್ಲೋ, ಅವರಿಗೆ ಕಾಣಂಗಿಲ್ಲೋ?"

ಅವಳು ಟೀವಿ ಹಚ್ಚಿದಳು. ಒಂದೇ ಪಂಕ್ತಿಯಲ್ಲಿ ಕೂತು, ಯಾರ ತಾಟು ಹೆಚ್ಚು ಹೊಳೆಯುತ್ತದೆ ಅಂತ ಪಂಥ ಕಟ್ಟಿ ತೊಳೆದು ಕುಡಿಯುತ್ತಿದ್ದ ತಂಗಿ ಇವಳು. ಅವಳ ತಾಟು ಈಗ ಪಿಂಗಾಣಿಯದು. ಅದರಲ್ಲಿ ಮೂಲೆಗೊಂದು ಚಪಾತಿ ಚೂರು ಬಿಟ್ಟು ಎದ್ದಳು. ಹಾಗೆ ಬಿಡುವುದು ಇಲ್ಲಿ ಮರ್ಯಾದೆಯಂತೆ.

ಶುಕ್ರವಾರ, ಚಿತ್ರ ತೋರಿಸುವ ಹಾಲ್

ಬಾಗಿಲಲ್ಲೇ ಎಲ್ಲರಿಗೂ ಒಂದೊಂದು ಅಂಟು ಚೀಟಿ ಕೊಟ್ಟರು. ಅದರಲ್ಲಿ ನೀನು ಯಾರು ಅಂತ ಬರೆದು ಎದೆಗೆ ಅಂಟಿಸಿಕೊಳ್ಳಬೇಕು. ಬಣ್ಣ, ಮೂಲ, ಭಾಷೆ, ಏನು ಬೇಕಾದರೂ. ನಮ್ಮಲ್ಲಿ ಹೆಣ್ಣು ನೋಡಲು ಬಂದವರೂ ಬಾಗಿಲಲ್ಲಿ ನಿಲ್ಲಿಸಿ ಇಷ್ಟು ಕೇಳುವುದಿಲ್ಲ, ಚಹಾ ಕೊಟ್ಟ ಮೇಲೆ ಕೇಳುತ್ತಾರೆ. ಮನುಷ್ಯರನ್ನು ಬಣ್ಣದಿಂದ ಗುರುತಿಸಬಾರದು ಅಂತ ಹೇಳುವ ಸಭೆಯಲ್ಲಿ ಎಲ್ಲರೂ ಎದೆಯ ಮೇಲೆ ತಮ್ಮ ಬಣ್ಣ ಬರೆದುಕೊಂಡು ತಿರುಗುತ್ತಿದ್ದರು. ನಾನು ಚೀಟಿಯನ್ನು ಪರ್ಸಿನ ಹರಿದ ಜಿಪ್ಪಿಗೆ ಅಂಟಿಸಿದೆ. ಚೆನ್ನಾಗಿ ಹಿಡಿದುಕೊಂಡಿತು.

ಅಕ್ಷತಾ ನನ್ನ ಪಕ್ಕ ಕೂತು ಕಿವಿಯಲ್ಲಿ ಕನ್ನಡ ಹೇಳುತ್ತಿದ್ದಳು. ಅವಳ ಟೀಚರು ಹೆಲೆನ್ ಮೇಡಂ ಮುಂದೆ ನಿಂತು ಮಾತಾಡಿದರು: ಇವತ್ತು ಎಲ್ಲಾ ಚಿತ್ರ ತೋರಿಸುತ್ತೇವೆ, ಭಾನುವಾರ ಮತ್ತೊಮ್ಮೆ ತೋರಿಸಿ ಕೆಲವನ್ನು ಆರಿಸುತ್ತೇವೆ, ಆರಿಸಿದವು ಈ ಊರಿನ ಶಾಲೆ ಶಾಲೆಗೂ ಹೋಗುತ್ತವೆ, ಮಕ್ಕಳೆಲ್ಲ ನೋಡುತ್ತಾರೆ.

ಮೊದಲ ಚಿತ್ರ ಒಬ್ಬ ಕಪ್ಪು ಬಸ್ ಡ್ರೈವರಿನದು. ದಿನಾ ಅವನ ಬಸ್ಸು ಹತ್ತುವ ಒಬ್ಬ ಮುದುಕಿ, ಚಿಲ್ಲರೆಯನ್ನು ಅವನ ಕೈಗೆ ಕೊಡದೆ ತಟ್ಟೆಯ ಮೇಲೆ ಎಸೆಯುತ್ತಾಳೆ, ಬೆರಳು ತಾಗೀತು ಅಂತ. ಅವನು ಅದನ್ನು ನಗುತ್ತಲೇ ಹೇಳಿದ. ನಮ್ಮ ಕಡೆಯ ಕೆಲವು ಹಳ್ಳಿಗಳಲ್ಲಿ ಚಹಾದ ಗ್ಲಾಸನ್ನು ಕೆಲವರಿಗೆ ಮಾತ್ರ ಬೇರೆ ಇಡುತ್ತಿದ್ದರು. ಈಗ ಎಲ್ಲರಿಗೂ ಕಾಗದದ ಕಪ್ಪು ಬಂದಿದೆ, ಮನಸ್ಸು ಬದಲಾಗಿದೆ ಅಂತ ಹೇಳಿಕೊಳ್ಳುತ್ತಾರೆ. ಬದಲಾಗಿದ್ದು ಕಪ್ಪು. ಇನ್ನೊಂದು ಚಿತ್ರದಲ್ಲಿ ಗುಂಗುರು ಕೂದಲಿನ ಹುಡುಗಿ, ಕಂಡವರೆಲ್ಲ ಕೇಳದೆ ಅವಳ ತಲೆ ಮುಟ್ಟುತ್ತಾರಂತೆ, ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡಿದ ಹಾಗೆ.

ಆಮೇಲೆ ನಮ್ಮ ಅಕ್ಷತಾಳದು. ಮೊದಲು ಅವಳೇ ಕನ್ನಡಿಯ ಮುಂದೆ. ಶಾಲೆಯಲ್ಲಿ ಹುಡುಗರು ಅವಳ ಡಬ್ಬಿ ಮೂಸಿ ಮೂಗು ಹಿಡಿದಿದ್ದು, ಬಸ್ ನಿಲ್ದಾಣದಲ್ಲಿ ಒಬ್ಬ ಊರಿಗೆ ಹೋಗು ಅಂದದ್ದು. ಅವಳು ಇಲ್ಲೇ ಹುಟ್ಟಿದವಳು, ಯಾವ ಊರಿಗೆ ಹೋಗಬೇಕು? ನನಗೆ ಸಿಟ್ಟು ಬಂದು ಅವಳ ಕೈ ಹಿಡಿದೆ. ಬೆವೆತಿತ್ತು. ಆಗ ಪರದೆಯ ಮೇಲೆ ಕರೂರಿನ ಗದ್ದೆ ಬಂತು, ಬಾಗಿ ನಾಟಿ ಮಾಡುವ ಹೆಂಗಸರ ಬೆನ್ನು. ಮರುಕ್ಷಣ ನಾನು. ಕುರುಗೋಡಿನ ತವರು ಮನೆಯ ಪಡಸಾಲೆಯಲ್ಲಿ ಕೂತು, ತಾಟು ತೊಳೆದು, ನೀರನ್ನು ಎರಡೂ ಕೈಯಿಂದ ಎತ್ತಿ ಕುಡಿಯುತ್ತಿದ್ದೇನೆ. ಹತ್ತಿರದಿಂದ ತೆಗೆದಿದ್ದಳು, ಗಂಟಲು ಏರಿ ಇಳಿಯುವುದೂ ಕಾಣುತ್ತಿತ್ತು. ಅದರ ಮೇಲೆ ಅವಳ ದನಿ, ಇಂಗ್ಲಿಷಿನಲ್ಲಿ, ನಿಧಾನವಾಗಿ. ಯಾರೋ ಪಿಟೀಲು ಬಾರಿಸುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ಆವತ್ತು ಪಿಟೀಲು ಇರಲಿಲ್ಲ, ಮಿಕ್ಸಿ ಇತ್ತು.

ಇಲ್ಲಿ ಮಾತ್ರ ಅಕ್ಷತಾ ನನ್ನ ಕಿವಿಯಲ್ಲಿ ಏನೂ ಹೇಳಲಿಲ್ಲ.

ಹಾಲ್‌ನಲ್ಲಿ ಮೂಗು ಒರೆಸುವ ಸದ್ದು ಶುರುವಾಯಿತು. ಮುಂದಿನ ಸಾಲಿನ ಒಬ್ಬ ಬಿಳಿ ಮುದುಕಿ ತಿರುಗಿ ನನ್ನ ಕೈ ಹಿಡಿದು ಅತ್ತಳು. ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಮಡಿಲಲ್ಲಿ ಇಟ್ಟಳು. ಯಾಕೆ ಅಳುತ್ತಾಳೆ, ಯಾಕೆ ಹಣ್ಣು ಕೊಡುತ್ತಾಳೆ, ಒಂದೂ ತಿಳಿಯದೆ, ಹಿರಿಯರು ಕೊಟ್ಟಿದ್ದು ಅಂತ ಕಣ್ಣಿಗೊತ್ತಿಕೊಂಡೆ. ಅದನ್ನು ನೋಡಿ ಅವಳಿಗೆ ಇನ್ನೂ ಅಳು ಬಂತು.

ಅದೇ ದಿನ, ಊಟದ ಸಾಲು

ಊಟದ ಸಾಲಿನಲ್ಲಿ ಒಬ್ಬ ಕನ್ನಡದವರು ಸಿಕ್ಕರು. ಹಲ್ಲಿನ ಡಾಕ್ಟರು, ದಾವಣಗೆರೆ ಕಡೆಯವರು, ಇಲ್ಲಿ ಬಂದು ಬಹಳ ವರ್ಷ. ಅವರ ಕಣ್ಣೂ ಕೆಂಪಾಗಿತ್ತು.

"ಪಾಪ ಅಮ್ಮ, ಬಳ್ಳಾರಿ ಕಡೆ ಅಷ್ಟು ಕಷ್ಟ ಇತ್ತೇನ್ರಿ?"

"ಏನು ಕಷ್ಟರಿ?"

"ಅದೇ, ಚಿತ್ರದಲ್ಲಿ ಹುಡುಗಿ ಹೇಳಿದ್ಲಲ್ಲ. ನಮ್ಮ ಊರಲ್ಲಿ ಹಸಿವು ಎಷ್ಟು ಹಳೇದು ಅಂದ್ರೆ ತಟ್ಟೆ ತೊಳೆದ ನೀರನ್ನೂ ನಮ್ಮ ಹೆಂಗಸರು ಚೆಲ್ಲೋದಿಲ್ಲ ಅಂತ."

ನನ್ನ ಕೈಯಲ್ಲಿ ಬಾಳೆಹಣ್ಣು ಇತ್ತು. ಅದು ಯಾಕೆ ಬಂತು ಅಂತ ಆಗ ತಿಳಿಯಿತು. ಸಿರುಗುಪ್ಪದ ಗಿರಣಿಗಳ ಮುಂದೆ ಅಕ್ಕಿ ಚೀಲ ಗುಡ್ಡದ ಹಾಗೆ ಬಿದ್ದಿರುತ್ತವೆ. ಆ ಗುಡ್ಡ ನೋಡುತ್ತ ಬೆಳೆದವಳನ್ನು ನನ್ನ ತಂಗಿಯ ಮಗಳು ಹಸಿದವಳನ್ನಾಗಿ ಮಾಡಿ ಇಂಗ್ಲೆಂಡಿಗೆ ತೋರಿಸಿದ್ದಳು.

ಡಾಕ್ಟರು ಸಾಲಿನಲ್ಲಿ ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದರು. "ಅಂದ್ಹಾಗೆ ನೀವು ಯಾವ ಪೈಕಿ?"

ಅರ್ಧ ಗಂಟೆ ಮುಂಚೆ ಇದೇ ಮನುಷ್ಯ ಮೈಕು ಹಿಡಿದು, ತನ್ನ ಮೈಬಣ್ಣ ನೋಡಿ ಒಬ್ಬ ರೋಗಿ ಬಾಯಿ ತೆಗೆಯಲಿಲ್ಲ ಅಂತ ಎಲ್ಲರ ಮುಂದೆ ಅತ್ತಿದ್ದರು. ಆ ನೋವು ಖರೆ ಇರಬಹುದು. ಆದರೆ ಕಣ್ಣೀರು ಆರುವ ಮೊದಲೇ ಜಾತಿ ಕೇಳುವುದಕ್ಕೆ ಬಾಯಿ ಬಂತಲ್ಲ! ಅವರೇ ನನ್ನ ಕೊರಳಿನ ದಾರ ನೋಡಿ ಅರಳಿದರು.

"ಓ, ನಮ್ಮೋರೇ! ಹಾಗಾದ್ರೆ ಅದು ಪ್ರಸಾದದ ಪದ್ಧತಿ. ನಮ್ಮಜ್ಜಿನೂ ತಟ್ಟೆ ತೊಳೆದು ಕುಡೀತಿದ್ಲು."

"ಗೊತ್ತಿದ್ದೂ ಅತ್ತಿರೇನು?"

"ಅಯ್ಯೋ, ಇವರಿಗೆ ಹೇಳಿದ್ರೆ ಅರ್ಥ ಆಗಲ್ಲ ಬಿಡಿ ಅಮ್ಮ. ಚಿತ್ರ ಒಳ್ಳೆಯದಾಗಿದೆ."

ಬಾಳೆಹಣ್ಣನ್ನು ಅವರ ಕೈಯಲ್ಲಿಟ್ಟೆ. "ತಿನ್ರಿ. ಅತ್ತು ದಣಿದೀರಿ."

ಊಟಕ್ಕೆ ಕಾಗದದ ತಟ್ಟೆ. ಕಾಗದದ ತಟ್ಟೆಗೆ ನೀರು ಹಾಕಿ ತೊಳೆದರೆ ಅದು ಅಂಬಲಿಯಾಗುತ್ತದೆ. ಲಿಂಗಕ್ಕೆ ತೋರಿಸಿ ಉಂಡು ಹಾಗೇ ಕಸದ ಡಬ್ಬಿಗೆ ಹಾಕುವುದು ನನ್ನಿಂದ ಆಗುವುದಿಲ್ಲ. ನೀಲಮ್ಮ ಬೇಡ ಬೇಡ ಅಂತ ಕಣ್ಣಲ್ಲೇ ಹೇಳಿದರೂ ಅಡುಗೆಮನೆಯ ಬಾಗಿಲು ನೂಕಿದೆ. ಒಳಗೆ ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಅನ್ನದ ಪಾತ್ರೆಯ ಮುಂದೆ ನಿಂತಿದ್ದಳು. ನನ್ನ ವಾರಿಗೆಯವಳು. ಅವಳ ಮೊಮ್ಮಗಳ ಚಿತ್ರವೂ ಹಬ್ಬದಲ್ಲಿತ್ತು. ಹಿರಿಯರು ಲಾಹೋರ್ ಕಡೆಯವರು, ಹೆಸರು ನಸ್ರೀನ್.

"ಕ್ಯಾ ಚಾಹಿಯೇ, ಬಾಜೀ?" ಏನು ಬೇಕು ಅಕ್ಕಾ ಅಂತ ಕೇಳಿದಳು.

ಬ್ರೂಸ್‌ಪೇಟೆಯ ಬಳೆ ಅಂಗಡಿಗಳಲ್ಲಿ ಕಲಿತ ಉರ್ದು ನನ್ನ ಬಾಯಿಂದ ಬಂತು: "ಥಾಲೀ ಹೋನಾ. ಕಾಗಜ್ ಕೀ ನಕ್ಕೋ." ತಾಟು ಬೇಕು, ಕಾಗದದ್ದು ಬೇಡ ಅಂತ.

ಅವಳು ಸೌಟು ಬಿಟ್ಟು ನಕ್ಕಳು. ಎಷ್ಟು ನಕ್ಕಳೆಂದರೆ ಗೋಡೆಗೆ ಒರಗಿದಳು. ಇಂಥ ಉರ್ದು ಎಲ್ಲಿ ಸಿಗುತ್ತದೆ, ಇನ್ನೊಂದು ಸಲ ನಕ್ಕೋ ಅನ್ನು ಅಂದಳು. ಆಮೇಲೆ ಕಪಾಟಿನಿಂದ ಪಿಂಗಾಣಿ ತಟ್ಟೆ ತೆಗೆದು, ತೊಳೆದು, ಅನ್ನ ಬೇಳೆ ಹಾಕಿ ಕೊಟ್ಟಳು. ಅಲ್ಲೇ ಸ್ಟೂಲಿನ ಮೇಲೆ ಕೂತು ಉಂಡೆ. ತಟ್ಟೆ ತೊಳೆದು ಕುಡಿದೆ. ಅವಳು ನೋಡುತ್ತಿದ್ದಳು. ಅಳಲಿಲ್ಲ. ತನ್ನ ತಟ್ಟೆಯನ್ನು ಬೆರಳಿನಿಂದ ಸುತ್ತ ಒರೆಸಿ, ಬೆರಳು ಚೀಪಿ, ನನಗೆ ತೋರಿಸಿದಳು. ಅವರಲ್ಲೂ ಹಾಗೇ, ಯಾವ ಅಗುಳಿನಲ್ಲಿ ಬರಕತ್, ಅಂದರೆ ದೇವರ ಕೃಪೆ, ಇದೆಯೋ ಯಾರಿಗೆ ಗೊತ್ತು, ಅದಕ್ಕೇ ಏನೂ ಬಿಡಬಾರದು. ಇಬ್ಬರ ತಟ್ಟೆಯೂ ಹೊಳೆಯುತ್ತಿತ್ತು. ಆ ಹಾಲ್‌ನಲ್ಲಿ ನನ್ನನ್ನು ನೋಡಿ ಕಥೆ ಕಟ್ಟದವಳು ಅವಳೊಬ್ಬಳು. ದೇವರು ಅಡುಗೆಮನೆಯಲ್ಲಿ ಒಬ್ಬರನ್ನಾದರೂ ಇಟ್ಟಿರುತ್ತಾನೆ.

ಶನಿವಾರ

ಬೆಳಿಗ್ಗೆ ಪೂಜೆ ಮುಗಿಸಿ ಅಕ್ಷತಾಳನ್ನು ಎದುರಿಗೆ ಕೂರಿಸಿಕೊಂಡೆ.

"ಆ ಮಾತು ಯಾಕ ಹಾಕಿದಿ?"

"ದೊಡ್ಡವ್ವ, ಅವರಿಗೆ ಅರ್ಥ ಆಗಬೇಕಲ್ಲ. ಅದೇನು ಅಂತ ಅಮ್ಮನ್ನ ಕೇಳಿದ್ದೆ. ಹಳೇ ಕಾಲದ್ದು, ಬಡತನದಾಗ ಬಂದಿದ್ದು ಅಂದ್ಲು. ಮೇಡಂಗೆ ಹೇಳಿದೆ. ಇದೇ ಚಿತ್ರದ ಜೀವ ಅಂದ್ರು."

ನೀಲಮ್ಮ ಬಚ್ಚಲಿನಲ್ಲಿ ಬೇಕಂತಲೇ ನಲ್ಲಿ ಜೋರು ಬಿಟ್ಟಳು.

"ನನ್ನ ಯಾಕ ಕೇಳಲಿಲ್ಲ? ನಾ ಎದುರಿಗೇ ಇದ್ದೆ. ಕುರುಗೋಡಿನಾಗ ಹದಿನೈದು ಸಲ ಆ ಕಡೆ ನೋಡು ಈ ಕಡೆ ನೋಡು ಅಂದಿ. ಇದು ಏನು ದೊಡ್ಡವ್ವ ಅಂತ ಒಂದು ಸಲ ಕೇಳಲಿಲ್ಲ."

"ನನಗೆ ಇಲ್ಲಿ ಏನೇನಾಗಿದೆ ಅಂತ ನಿನಗೆ ಗೊತ್ತಿಲ್ಲ ದೊಡ್ಡವ್ವ. ಇದು ಆರಿಸಿ ಹೋದ್ರೆ ನನಗೆ ಮುಂದಿನ ಚಿತ್ರ ಮಾಡಾಕ ಅವಕಾಶ ಸಿಗತದ. ಇಲ್ಲ ಅಂದ್ರೆ ಇಲ್ಲ."

"ನಿನಗಾಗಿದ್ದು ಖರೆ. ನಾನೂ ನೋಡಿದೆ, ನನಗೂ ಹೊಟ್ಟಿ ಉರೀತು. ನಿನ್ನ ಮಾರಿ ನೋಡಿ ಅವರು ಒಂದು ಕಥಿ ಕಟ್ಟಿದ್ರು ಅಂತ ನಿನಗ ಸಿಟ್ಟು. ನನ್ನ ತಾಟು ನೋಡಿ ನೀ ಕಟ್ಟಿದ್ದೇನು?"

ಅವಳು ಕೈಯಲ್ಲಿದ್ದ ಫೋನನ್ನು ಬೋರಲು ಹಾಕಿದಳು.

"ಸಾಲಿಯಾಗ ಮಕ್ಕಳು ಅದನ್ನ ನೋಡ್ತಾರ. ನಿನ್ನಂಥ ಇನ್ನೊಂದು ಹುಡುಗಿ ಡಬ್ಬಿ ತೆಗೆದಾಗ, ನಿಮ್ಮ ಅಜ್ಜಿ ತೊಳೆದ ನೀರು ಕುಡೀತಾಳಂತ, ಪಾಪ, ಅಂತಾರ. ಮೂಗು ಹಿಡಿಯೋದು ಬಿಟ್ಟು ಬಾಳೆಹಣ್ಣು ಕೊಡ್ತಾರ. ಅಷ್ಟ ಫರಕು."

ಮಧ್ಯಾಹ್ನ ಇಬ್ಬರೂ ಹೆಲೆನ್ ಮೇಡಂ ಹತ್ತಿರ ಹೋದೆವು. ನನ್ನ ಮಾತನ್ನು ಅಕ್ಷತಾ ಇಂಗ್ಲಿಷಿಗೆ ಮಾಡಿದಳು. ಇದು ಹಸಿವಲ್ಲ, ದೇವರಿಗೆ ಕೊಟ್ಟು ಉಂಡ ಮೇಲೆ ಅನ್ನದ ಮೇಲೆ ನಮಗೆ ಇರುವ ಭಕ್ತಿ ಅಂತ. ಮೇಡಂ ಎದೆ ಮೇಲೆ ಕೈ ಇಟ್ಟು ಕೇಳಿದರು, ಕಣ್ಣು ದೊಡ್ಡದು ಮಾಡಿದರು. ಅರ್ಥವಾಯಿತು ಅಂತ ನಾನು ಶಿವನಿಗೆ ಕೈ ಮುಗಿಯುವಷ್ಟರಲ್ಲಿ ಅವರು ಎದ್ದು ನಿಂತರು.

"ಏನಂತಾರ?"

ಅಕ್ಷತಾಳ ಮುಖ ನಗುವುದೋ ಅಳುವುದೋ ಗೊತ್ತಾಗದ ಹಾಗಿತ್ತು. "ಅದ್ಭುತ ಅಂತಾರ ದೊಡ್ಡವ್ವ. ನೀವು ನೀರು ಉಳಿಸ್ತೀರಂತ. ಹಸಿವಿನ ಮಾತಿನ ಜೊತೆ ಪರಿಸರದ ಮಾತೂ ಒಂದು ಸೇರಿಸು ಅಂತಾರ."

ನೀರು ಉಳಿಸುವುದಕ್ಕೆ! ಒಂದು ತಾಟು ನೀರಿನಿಂದ ನಾನು ಭೂಮಿ ಉಳಿಸುತ್ತಿದ್ದೇನೆ. ನಿನ್ನೆ ನನಗೆ ಅನ್ನ ಇರಲಿಲ್ಲ, ಇವತ್ತು ನಾನು ಭೂಮಿತಾಯಿಯ ಕಾವಲುಗಾರ್ತಿ. ನಾನು ಬರೀ ಉಂಡೆ ಅನ್ನುವುದನ್ನು ಒಪ್ಪಿಕೊಳ್ಳುವುದು ಇವರಿಗೆ ಎಷ್ಟು ಕಷ್ಟ!

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಷತಾ ಒಂದೇ ಮಾತು ಕೇಳಿದಳು. "ಆ ಮಾತು ತೆಗೆದರೆ ಆರಿಸೋದಿಲ್ಲ. ಆದರೂ ತೆಗೀಬೇಕೇನು?"

"ಮಾಡಿದಾಕಿ ನೀನು. ನಾ ಹೇಳಂಗಿಲ್ಲ. ಆದರ ಆ ಮಾತು ಇಟ್ಟರ, ನನ್ನ ಮಾರಿ ಮಾತ್ರ ತಗದುಬಿಡು."

ಅವಳು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀಲಮ್ಮ ನನ್ನ ಮೇಲೆ ಮುನಿಸಿಕೊಂಡು ಒಬ್ಬಳೇ ಚಪಾತಿ ಲಟ್ಟಿಸಿದಳು. ಒಂದೂ ದುಂಡಗೆ ಬರಲಿಲ್ಲ.

ಭಾನುವಾರ, ಮತ್ತೆ ಅದೇ ಹಾಲ್

ಅದೇ ಚೀಟಿಗಳು, ಅದೇ ಮುದುಕಿ. ಈ ಸಲ ಅವಳು ಕೇಕು ತಂದಿದ್ದಳು. ನನ್ನ ಸಲುವಾಗಿ ಮನೆಯಲ್ಲೇ ಮಾಡಿದ್ದಂತೆ. ಮನಸ್ಸು ಒಳ್ಳೆಯದು, ಅದನ್ನು ನಾನು ಹಳಿಯುವುದಿಲ್ಲ. ಆದರೆ ನನ್ನ ಎದುರಿಗೇ ನಿಂತು, ನಾನು ಪೂರಾ ತಿಂದೆನೋ ಇಲ್ಲವೋ ಅಂತ ಕಾಯ್ದಳು. ನಮ್ಮ ಓಣಿಯ ಎಮ್ಮೆಗೂ ಅಷ್ಟು ಹತ್ತಿರ ನಿಂತು ಯಾರೂ ಮೇವು ತಿನ್ನಿಸುವುದಿಲ್ಲ.

ಅಕ್ಷತಾ ಬೆಳಿಗ್ಗೆಯಿಂದ ಏನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವಳ ಚಿತ್ರ ಬಂದಾಗ ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಿಕೊಂಡೆ. ಕನ್ನಡಿ ಹೋಯಿತು, ಡಬ್ಬಿ ಹೋಯಿತು, ಬಸ್ ನಿಲ್ದಾಣ ಹೋಯಿತು. ಪಿಟೀಲಿಗೆ ಕಾದೆ. ಬರಲಿಲ್ಲ. ಮಿಕ್ಸಿಯ ಸದ್ದು ಬಂತು. ಕಣ್ಣು ಬಿಟ್ಟೆ.

ಕರೂರಿನ ಬೆನ್ನುಗಳು ಇರಲಿಲ್ಲ. ನಮ್ಮ ಪಡಸಾಲೆ, ನಾನು, ತಾಟು. ಮಿಕ್ಸಿ ನಿಂತಿತು. ಬೆರಳು ಸ್ಟೀಲಿಗೆ ಉಜ್ಜುವ ಕಿರ್ ಅನ್ನುವ ಸದ್ದು, ನೀರು ಸುತ್ತುವ ಸದ್ದು. ಯಾರೂ ಮಾತಾಡಲಿಲ್ಲ. ನಾನು ಕುಡಿದೆ. ತಾಟು ಬೋರಲು ಹಾಕಿದೆ. ಶುಕ್ರವಾರ ಚಿತ್ರ ಅಲ್ಲಿಗೇ ಮುಗಿದಿತ್ತು. ಇವತ್ತು ಮುಂದೆ ಹೋಯಿತು. ಪರದೆಯ ಮೇಲಿನ ನಾನು ಬಾಯಿ ಒರೆಸಿಕೊಂಡು ನೇರ ಕ್ಯಾಮೆರಾದ ಕಡೆ ನೋಡಿ ಗದರಿಸಿದೆ:

"ಸಾಕು, ಬಂದ್ ಮಾಡು ಅದನ್ನ. ಮುಂಜಾನಿಂದ ಏನೂ ತಿಂದಿಲ್ಲ ನೀನು. ಮಾರಿ ನೋಡು, ಹೆಂಗ ಬಾಡೈತಿ! ಊಟಕ್ಕ ಕೂಡು ಬಾ."

ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡಿದವು. ಕ್ಯಾಮೆರಾ ಅಲುಗಾಡಿ ನೆಲಕ್ಕೆ ತಿರುಗಿತು. ನೆಲದ ಮೇಲೆ ಒಂದು ಖಾಲಿ ತಾಟು ಸರಿದು ಬಂತು, ನನ್ನ ಕೈ ರೊಟ್ಟಿ ಹಾಕಿತು. ಮುಗಿಯಿತು.

ಹಾಲ್‌ನ ಹಿಂದಿನಿಂದ ಯಾರೋ ಗೊಳ್ಳನೆ ನಕ್ಕರು. ನಸ್ರೀನ್. ಅವಳ ಹಿಂದೆ ಆ ಬಸ್ ಡ್ರೈವರು ನಕ್ಕ, ಗುಂಗುರು ಕೂದಲಿನ ಹುಡುಗಿ ನಕ್ಕಳು. ಕೇಕಿನ ಮುದುಕಿ ನಗಬೇಕೋ ಬೇಡವೋ ತಿಳಿಯದೆ ಕರವಸ್ತ್ರ ಹಿಡಿದು ಕೂತಳು. ಆವತ್ತು ಕುರುಗೋಡಿನಲ್ಲಿ ಹಸಿದಿದ್ದವಳು ಒಬ್ಬಳೇ, ಕ್ಯಾಮೆರಾ ಹಿಡಿದವಳು. ನನಗೇ ಮರೆತುಹೋಗಿತ್ತು.

ಸಂಜೆ ಹೆಸರು ಓದಿದರು. ಬಸ್ ಡ್ರೈವರಿನ ಚಿತ್ರ ಆರಿಸಿದರು, ಸರಿಯಾಗಿಯೇ ಆರಿಸಿದರು. ಇನ್ನೂ ಕೆಲವು. ಅಕ್ಷತಾಳದು ಇಲ್ಲ. ಹೆಲೆನ್ ಮೇಡಂ ಬಂದು ಅವಳ ಹೆಗಲ ಮೇಲೆ ಕೈ ಇಟ್ಟು ಏನೋ ಹೇಳಿದರು. ಸೋತವರ ಹೆಗಲ ಮೇಲೆ ಕೈ ಇಡುವುದು ಇಲ್ಲಿ ಬಹಳ.

"ಏನಂದ್ರು?"

"ಚಿತ್ರದ ತೂಕ ಹೋಯಿತು ಅಂದ್ರು. ಈಗ ಅದು ಯಾವ ವಿಷಯದ ಬಗ್ಗೆ ಅಂತ ಗೊತ್ತಾಗೋದಿಲ್ಲಂತ."

"ಹೇಳು ಆಕಿಗೆ, ನನ್ನ ಬಗ್ಗೆ ಅಂತ."

ಅಕ್ಷತಾ ಹೇಳಲಿಲ್ಲ. ನಕ್ಕಳು. ಕಣ್ಣು ಒದ್ದೆಯಾಗಿತ್ತು. ಅವಕಾಶ ಹೋದದ್ದು ಸಣ್ಣ ಮಾತಲ್ಲ, ನನಗೆ ಗೊತ್ತು. ಆಗ ನೀಲಮ್ಮ ಒಂದು ಕೆಲಸ ಮಾಡಿದಳು. ಊಟದ ಮೇಜಿನಿಂದ ಮೂರು ಕಾಗದದ ತಟ್ಟೆ ಎತ್ತಿದವಳು, ಅವನ್ನು ವಾಪಸು ಇಟ್ಟು, ಅಡುಗೆಮನೆಯ ಬಾಗಿಲು ನೂಕಿದಳು. ನಸ್ರೀನ್ ಹತ್ತಿರ ಮೂರು ಪಿಂಗಾಣಿ ತಟ್ಟೆ ಇಸಿದುಕೊಂಡು ಬಂದಳು. ಉಂಡ ಮೇಲೆ ತನ್ನ ತಟ್ಟೆಗೆ ನೀರು ಹಾಕಿಕೊಂಡಳು. ಪರದೆ ಎಳೆಯಲು ಅಲ್ಲಿ ಕಿಟಕಿ ಇರಲಿಲ್ಲ. ಹಲ್ಲಿನ ಡಾಕ್ಟರು ಆ ಕಡೆಯಿಂದ ನೋಡಿ, ಬಹಳ ಕೆಲಸ ಇದ್ದವರ ಹಾಗೆ ಫೋನು ತೆಗೆದರು.

ಬಳ್ಳಾರಿ

ಬಂದು ಎಂಟು ದಿನಕ್ಕೆ ಅಕ್ಷತಾ ಚಿತ್ರ ಫೋನಿಗೆ ಕಳಿಸಿದಳು. ಯಜಮಾನರು ಅಂಗಡಿಯಿಂದ ಊಟಕ್ಕೆ ಬಂದಿದ್ದರು. ಕನ್ನಡಕ ಹಾಕಿಕೊಂಡು, ಫೋನನ್ನು ದೂರ ಹಿಡಿದು, ಮೊದಲಿಂದ ಕೊನೆಯವರೆಗೂ ನೋಡಿದರು. ಆ ಬಸ್ ನಿಲ್ದಾಣದ ಮಾತು ಬಂದಾಗ, "ಥೂ ಅವನ!" ಅಂದರು. ಕೊನೆಗೆ ಫೋನನ್ನು ತಿರುಗಿಸಿ ಹಿಂದೆ ಏನಾದರೂ ಉಳಿದಿದೆಯೋ ಅನ್ನುವಂತೆ ನೋಡಿದರು.

"ಮುಗೀತೇನು?"

"ಮುಗೀತ್ರಿ."

"ಇದರಾಗ ಏನೈತಿ? ಊಟ ಮಾಡೀದಿ. ತಾಟು ತೊಳಕೊಂಡು ಕುಡಿದಿ. ಹುಡುಗಿನ ಊಟಕ್ಕ ಕರದಿ. ಅಷ್ಟ."

"ಅಷ್ಟರೀ."

"ಇಷ್ಟಕ್ಕ ಅಲ್ಲೀತನ ಹೋಗಿದ್ದೇನು?"

ಹೌದು ಅಂದೆ. ಅಷ್ಟೇ ಆಗುವುದಕ್ಕೆ ಅಲ್ಲಿಯವರೆಗೆ ಹೋಗಬೇಕಾಯಿತು. ಅವರು ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ಹೊರಗೆ ಓಣಿಯಲ್ಲಿ "ನಲ್ಲಿ ಬಂತ್ರೇ" ಅಂತ ಕೂಗಿದರು. ನಮ್ಮ ಓಣಿಗೆ ನೀರು ಬರುವುದೇ ಅಪರೂಪ, ಬಂದರೆ ನಿಲ್ಲುವ ಭರವಸೆ ಇಲ್ಲ. ಸೆರಗು ಸಿಗಿಸಿಕೊಂಡು, ಕೊಡಗಳನ್ನು ಎತ್ತಿಕೊಂಡು ಡ್ರಮ್ಮು ತುಂಬಿಸಲು ಹೋದೆ.